ಮಾರ್ಕೆಟಿಂಗ್ ‘ಥಿಯರಿ ಪೇಪರ್’ ಅಲ್ಲ: ಅಧ್ಯಯನ ಮಂಡಳಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ವಾಣಿಜ್ಯ ಹಾಗೂ ನಿರ್ವಹಣಾಶಾಸ್ತ್ರ ಅಧ್ಯಯನ ಮಂಡಳಿಗಳು,
ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು

ಮಾನ್ಯರೇ,

ಬಿ.ಕಾಂ., ಬಿಬಿಎ ಓದುವ ಮಕ್ಕಳು ತಮ್ಮ ವಿಷಯಗಳನ್ನು ಎರಡು ಪಾಲು ಮಾಡಿಟ್ಟುಕೊಂಡಿರುತ್ತಾರೆ. ಅಕೌಂಟ್ಸ್, ಕಾಸ್ಟಿಂಗ್, ಇನ್‌ಕಂ ಟ್ಯಾಕ್ಸ್ ಎಲ್ಲ ‘ಪ್ರಾಬ್ಲಂ ಪೇಪರ್’. ಮಾರ್ಕೆಟಿಂಗ್ ‘ಥಿಯರಿ ಪೇಪರ್’. ಮೊದಲನೆಯದಕ್ಕೆ ಟ್ಯೂಷನ್, ಎರಡನೆಯದಕ್ಕೆ ಪರೀಕ್ಷೆಯ ಹಿಂದಿನ ರಾತ್ರಿ. ಎಂಬಿಎ ಮೂರನೇ ಸೆಮಿಸ್ಟರ್‌ನಲ್ಲಿ ಸ್ಪೆಷಲೈಸೇಷನ್ ಆರಿಸುವಾಗಲೂ ಇದೇ ಲೆಕ್ಕಾಚಾರ: ಫೈನಾನ್ಸ್‌ನಲ್ಲಿ ಲೆಕ್ಕ ಇದೆ, ಮಾರ್ಕೆಟಿಂಗ್‌ನಲ್ಲಿ ಬರೀ ಮಾತು. ಇದನ್ನು ಮಕ್ಕಳ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳನ್ನು ಓದಿದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ.

ಪಠ್ಯಕ್ರಮ ಬದಲಾಗಿಲ್ಲ ಎಂಬುದು ನಮ್ಮ ದೂರಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಬದಲಾಯಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಇನ್ನೊಮ್ಮೆ ಬದಲಾಯಿತು. ಅದೇ ವರ್ಷ ಬಿಬಿಎ ಕೋರ್ಸು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ವ್ಯಾಪ್ತಿಗೆ ಬಂತು, ಜೊತೆಗೊಂದು ಮಾದರಿ ಪಠ್ಯಕ್ರಮವೂ ಬಂತು. ಡಿಜಿಟಲ್ ಮಾರ್ಕೆಟಿಂಗ್, ರೀಟೇಲ್, ಗ್ರಾಹಕರ ವರ್ತನೆ ಎಂದು ಹೊಸ ಘಟಕಗಳು ಸೇರಿದವು. ಆದರೆ ಪರೀಕ್ಷೆಯ ದಿನ ಕೈಗೆ ಬರುವ ಹಾಳೆಯಲ್ಲಿ ಇರುವುದು ಅದೇ: ‘ಮಾರುಕಟ್ಟೆ ವಿಭಾಗೀಕರಣ ಎಂದರೇನು? ಅದರ ಆಧಾರಗಳನ್ನು ವಿವರಿಸಿ.’ ‘ಉತ್ಪನ್ನದ ಜೀವನಚಕ್ರದ ಹಂತಗಳನ್ನು ಚಿತ್ರಸಹಿತ ವಿವರಿಸಿ.’ ಇ. ಜೆರೋಮ್ ಮೆಕಾರ್ಥಿ 1960ರಲ್ಲಿ ಮುಂದಿಟ್ಟ ನಾಲ್ಕು ‘ಪಿ’ಗಳ (ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ) ಬಗ್ಗೆ ಅದೇ ಹನ್ನೆರಡು ಅಂಕದ ಪ್ರಶ್ನೆ. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿಕೊಂಡವನು ಪುಸ್ತಕ ತೆರೆಯದೆ ಪಾಸಾಗುತ್ತಾನೆ.

ಆದ್ದರಿಂದ ನಮ್ಮ ಕೋರಿಕೆ ಒಂದೇ. ಪಠ್ಯಕ್ರಮಕ್ಕೆ ಇನ್ನೊಮ್ಮೆ ಕೈ ಹಾಕುವ ಮೊದಲು ಪ್ರಶ್ನೆಪತ್ರಿಕೆಯನ್ನೂ ಪ್ರಾಜೆಕ್ಟನ್ನೂ ಬದಲಿಸಿ. ಲಿಖಿತ ಪರೀಕ್ಷೆ 80 ಅಂಕದ್ದಾದರೆ ಕನಿಷ್ಠ 32 ಅಂಕದ ಪ್ರಶ್ನೆಗಳಲ್ಲಿ ಅಂಕಿಅಂಶ ಕೊಟ್ಟು ಲೆಕ್ಕ ಮಾಡಿಸಿ, ಆ ಲೆಕ್ಕದ ಮೇಲೆ ಒಂದು ತೀರ್ಮಾನ ಬರೆಸಿ. ಇದಕ್ಕೆ ಹೊಸ ಪುಸ್ತಕ ಬೇಡ, ಲ್ಯಾಬ್ ಬೇಡ, ಶೇಕಡಾವಾರು ಮತ್ತು ಭಾಗಾಕಾರ ಬಂದರೆ ಸಾಕು. ಎಂಥ ಪ್ರಶ್ನೆ ಎಂಬುದನ್ನು ಉದಾಹರಣೆ ಸಮೇತ ಹೇಳುತ್ತೇವೆ.

ಬೆಲೆಯಿಂದಲೇ ಶುರು ಮಾಡೋಣ. ನಮ್ಮ ಪಠ್ಯದಲ್ಲಿ ಬೆಲೆ ನಿಗದಿಯ ಉದ್ದೇಶಗಳು, ವಿಧಾನಗಳು, ಪ್ರಭಾವ ಬೀರುವ ಅಂಶಗಳು ಎಲ್ಲ ಇವೆ. ಒಂದು ಪ್ಯಾಕೆಟ್ಟಿನ ಎಂಆರ್‌ಪಿಯಲ್ಲಿ ಯಾರಿಗೆ ಎಷ್ಟು ಸೇರುತ್ತದೆ ಎಂಬುದು ಮಾತ್ರ ಇಲ್ಲ. ಮೈಸೂರಿನ ಒಂದು ಅಗರಬತ್ತಿ ಪ್ಯಾಕೆಟ್ ಇದೆ ಎಂದುಕೊಳ್ಳಿ, ಎಂಆರ್‌ಪಿ 50 ರೂ., ಜಿಎಸ್‌ಟಿ ಶೇ 5. ಅಂಗಡಿಯವರಿಗೆ ಎಂಆರ್‌ಪಿ ಮೇಲೆ ಶೇ 12 ಮಾರ್ಜಿನ್, ಅಂದರೆ 6 ರೂ. ಹಾಗಾಗಿ ಅಂಗಡಿಗೆ ಬೀಳುವ ಬೆಲೆ 44. ಕಂಪನಿಯಿಂದ ಮಾಲು ತಂದು ಅಂಗಡಿಗಳಿಗೆ ಹಂಚುವ ಸ್ಟಾಕಿಸ್ಟ್‌ಗೆ ತನ್ನ ಮಾರಾಟ ಬೆಲೆಯ ಮೇಲೆ ಶೇ 6, ಅಂದರೆ 2.64. ಅವನು ಕಂಪನಿಗೆ ಕೊಡುವುದು 41.36. ಇದರೊಳಗೆ ತೆರಿಗೆಯೂ ಇದೆ. 1.05ರಿಂದ ಭಾಗಿಸಿದರೆ ಕಂಪನಿಗೆ ನಿಜವಾಗಿ ಉಳಿಯುವುದು 39.39 ರೂ.

ಇಷ್ಟು ಸರಳ ಲೆಕ್ಕದಲ್ಲಿ ಮಕ್ಕಳು ಎರಡು ಕಡೆ ಎಡವುತ್ತಾರೆ. ಮೊದಲನೆಯದು ತೆರಿಗೆ. 41.36ರ ಶೇ 5 ಕಳೆದು 39.29 ಎಂದು ಬರೆಯುತ್ತಾರೆ. ತೆರಿಗೆ ಒಳಗೊಂಡ ಬೆಲೆಯಿಂದ ತೆರಿಗೆ ತೆಗೆಯಬೇಕಾದರೆ ಭಾಗಿಸಬೇಕು, ಕಳೆಯುವಂತಿಲ್ಲ. ಎರಡನೆಯದು ಮಾರ್ಜಿನ್ (ಮಾರಾಟ ಬೆಲೆಯ ಮೇಲಿನ ಲಾಭ) ಮತ್ತು ಮಾರ್ಕಪ್ (ಖರೀದಿ ಬೆಲೆಯ ಮೇಲಿನ ಲಾಭ) ನಡುವಿನ ಗೊಂದಲ. ‘ಶೇ 12’ ಎಂದರೆ ಎಂಆರ್‌ಪಿ ಮೇಲೋ ಅಥವಾ ಅಂಗಡಿಯವನ ಖರೀದಿ ಬೆಲೆಯ ಮೇಲೋ? ವ್ಯಾಪಾರದಲ್ಲಿ ಎರಡೂ ರೂಢಿಯಲ್ಲಿವೆ. ಖರೀದಿ ಬೆಲೆಯ ಮೇಲೆ ಎಂದಾದರೆ 50ನ್ನು 1.12ರಿಂದ ಭಾಗಿಸಬೇಕು, ಆಗ ಅಂಗಡಿಯ ಬೆಲೆ 44.64. ಪ್ಯಾಕೆಟ್ಟಿಗೆ 64 ಪೈಸೆ ವ್ಯತ್ಯಾಸ, ಲಕ್ಷ ಪ್ಯಾಕೆಟ್ಟಿಗೆ ಸುಮಾರು 64 ಸಾವಿರ ರೂ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಹೊಸ ಸೇಲ್ಸ್ ಆಫೀಸರ್ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಮೂರು ವರ್ಷ ಮಾರ್ಕೆಟಿಂಗ್ ಓದಿದವನಿಗೆ ‘ಯಾವುದರ ಮೇಲೆ?’ ಎಂದು ಕೇಳಬೇಕೆಂದೇ ಹೊಳೆಯುವುದಿಲ್ಲ.

ಈಗ ಇದರ ಮೇಲೊಂದು ಸ್ಕೀಮ್ ಹಾಕಿ: ಹತ್ತು ಕೊಂಡರೆ ಒಂದು ಉಚಿತ. ಉತ್ತರಪತ್ರಿಕೆಗಳಲ್ಲಿ ಇದನ್ನು ಶೇ 10 ರಿಯಾಯಿತಿ ಎಂದು ಬರೆದಿರುತ್ತಾರೆ. ಹತ್ತರ ಹಣಕ್ಕೆ ಹನ್ನೊಂದು ಹೋಗುವುದರಿಂದ ಅದು ಹನ್ನೊಂದರಲ್ಲಿ ಒಂದು ಪಾಲು, ಶೇ 9.09. ಕಂಪನಿಗೆ ಪ್ಯಾಕೆಟ್ಟಿಗೆ ಬರುತ್ತಿದ್ದ 39.39 ಈಗ 35.81ಕ್ಕೆ ಇಳಿಯುತ್ತದೆ. ತಯಾರಿಕೆಗೆ 24 ರೂ. ಖರ್ಚು ಎಂದಿಟ್ಟುಕೊಂಡರೆ ಪ್ಯಾಕೆಟ್ಟಿಗೆ ಉಳಿಯುತ್ತಿದ್ದ 15.39, 11.81 ಆಗುತ್ತದೆ. ರಿಯಾಯಿತಿ ಶೇ 9, ಉಳಿಕೆಯಲ್ಲಿ ಆದ ಕಡಿತ ಶೇ 23. ಮೊದಲಿನಷ್ಟೇ ಹಣ ಉಳಿಯಬೇಕಾದರೆ ಉಚಿತದವೂ ಸೇರಿ ಶೇ 30ರಷ್ಟು ಹೆಚ್ಚು ಪ್ಯಾಕೆಟ್ ಗೋದಾಮಿನಿಂದ ಹೊರಬೀಳಬೇಕು. ‘ಈ ಸ್ಕೀಮ್ ಕೊಡಬಹುದೇ? ಹೋದ ವರ್ಷದ ದಸರಾ ತಿಂಗಳಲ್ಲಿ ಮಾರಾಟ ಶೇ 18 ಏರಿತ್ತು’ ಎಂದು ಕೇಳಿ ನೋಡಿ. ‘ಮಾರಾಟ ಉತ್ತೇಜನದ ಪ್ರಯೋಜನಗಳು’ ಎಂಬ ಪ್ರಶ್ನೆಗೆ ಆರು ಪುಟ ಬರೆಯುವವನಿಗೂ ಅರ್ಧ ಪುಟದ ಈ ಉತ್ತರ ಕಷ್ಟ. ಆ ಅರ್ಧ ಪುಟಕ್ಕೇ ಕಂಪನಿಗಳು ಸಂಬಳ ಕೊಡುವುದು.

ವಿತರಣೆಯ ಪಾಠವೂ ಹೀಗೆಯೇ. ಶೂನ್ಯ ಹಂತ, ಒಂದು ಹಂತ, ಎರಡು ಹಂತದ ಮಾರ್ಗ ಎಂದು ಬಾಣದ ಗುರುತು ಹಾಕಿ ಚಿತ್ರ ಬರೆಸುತ್ತೇವೆ. ಆದರೆ ಡಿಸ್ಟ್ರಿಬ್ಯೂಟರ್ ಏಕೆ ಹೊಸ ಕಂಪನಿಯ ಮಾಲು ಬೇಡವೆನ್ನುತ್ತಾನೆ? ಲೆಕ್ಕ ಹಾಕಿಸಿ. ತಿಂಗಳ ವಹಿವಾಟು 10 ಲಕ್ಷ, ಮಾರ್ಜಿನ್ ಶೇ 5, ಅಂದರೆ 50 ಸಾವಿರ. ಗಾಡಿ, ಹುಡುಗರ ಸಂಬಳ, ಗೋದಾಮು, ಬಡ್ಡಿ ಎಲ್ಲ ಸೇರಿ 32 ಸಾವಿರ ಖರ್ಚು. ಉಳಿದದ್ದು 18 ಸಾವಿರ, ವರ್ಷಕ್ಕೆ 2.16 ಲಕ್ಷ. ಹೂಡಿಕೆ ಎಷ್ಟು? ಹದಿನೈದು ದಿನದ ಸ್ಟಾಕು 5 ಲಕ್ಷ, ಅಂಗಡಿಗಳಿಗೆ ಕೊಟ್ಟ ಹದಿನೈದು ದಿನದ ಸಾಲ 5 ಲಕ್ಷ, ಕಂಪನಿಯಿಂದ ಬರಬೇಕಾದ ಕ್ಲೇಮು 1 ಲಕ್ಷ, ಒಟ್ಟು 11 ಲಕ್ಷ. ಆದಾಯ ಶೇ 19.6. ಅಂಗಡಿಯವರು ಹದಿನೈದು ದಿನದ ಬದಲು ಇಪ್ಪತ್ತೈದು ದಿನಕ್ಕೆ ದುಡ್ಡು ಕೊಟ್ಟರೆ ಹೂಡಿಕೆ 14.33 ಲಕ್ಷವಾಗಿ ಆದಾಯ ಶೇ 15ಕ್ಕೆ ಇಳಿಯುತ್ತದೆ. ಮಾರಾಟ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ ಎಂಬುದನ್ನು ಗಮನಿಸಿ. ಈ ಒಂದು ಲೆಕ್ಕ ಮಾಡಿದ ವಿದ್ಯಾರ್ಥಿಗೆ ‘ಚಾನೆಲ್ ಸಂಘರ್ಷ’ (ಕಂಪನಿ, ವಿತರಕ, ಅಂಗಡಿಗಳ ನಡುವಿನ ತಿಕ್ಕಾಟ) ಎಂಬ ಅಧ್ಯಾಯವನ್ನು ಬೇರೆ ವಿವರಿಸಬೇಕಿಲ್ಲ.

ಇನ್ನೊಂದು ಸಣ್ಣ ಲೆಕ್ಕ, ಆದರೆ ಸಂದರ್ಶನಗಳಲ್ಲಿ ಪದೇ ಪದೇ ಬರುವಂಥದ್ದು. ಊರಿನಲ್ಲಿ 200 ಕಿರಾಣಿ ಅಂಗಡಿ, ನಮ್ಮ ಮಾಲು 80ರಲ್ಲಿದೆ. ಸಂಖ್ಯಾವಾರು ವಿತರಣೆ ಶೇ 40. ಆ 80ರಲ್ಲಿ ಹೆಚ್ಚಿನವು ಗಲ್ಲಿಯ ಸಣ್ಣ ಅಂಗಡಿಗಳಾಗಿ, ಆ ಬಗೆಯ ಸರಕಿನ ಊರಿನ ಒಟ್ಟು ಮಾರಾಟದಲ್ಲಿ ಅವುಗಳ ಪಾಲು ಶೇ 15 ಮಾತ್ರವಾದರೆ? ತೂಕವಾರು ವಿತರಣೆ ಶೇ 15. ಇನ್ನೂ 20 ಅಂಗಡಿಗೆ ಹೋಗಬೇಕೆಂದರೆ ಯಾವ 20 ಎಂಬುದು ಇಲ್ಲಿಂದ ತಾನಾಗಿ ಹೊರಡುತ್ತದೆ.

ಇನ್ನು ಪ್ರಾಜೆಕ್ಟ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ಮಾರ್ಕೆಟಿಂಗ್ ಪದವಿಯಲ್ಲಿ ವಿದ್ಯಾರ್ಥಿ ಕ್ಲಾಸಿನಿಂದ ಹೊರಗೆ ಕಾಲಿಡುವ ಒಂದೇ ಸಂದರ್ಭ ಅದು, ಅದನ್ನೂ ನಾವು ಹಾಳು ಮಾಡಿಟ್ಟಿದ್ದೇವೆ. ಶೀರ್ಷಿಕೆ ಸದಾ ಒಂದೇ ಅಚ್ಚಿನದು: ಇಂಥ ನಗರದಲ್ಲಿ ಇಂಥ ಬ್ರ್ಯಾಂಡಿನ ಬಗ್ಗೆ ಗ್ರಾಹಕರ ತೃಪ್ತಿ, ಒಂದು ಅಧ್ಯಯನ. ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ನೂರು ಉತ್ತರ ಬಂದರೆ ನಿಲ್ಲಿಸುತ್ತಾರೆ. ಪ್ರಶ್ನೆಗೊಂದು ಕೋಷ್ಟಕ, ಕೋಷ್ಟಕಕ್ಕೊಂದು ಪೈ ಚಿತ್ರ, ಚಿತ್ರದ ಕೆಳಗೆ ಅದೇ ಅಂಕಿಯನ್ನು ವಾಕ್ಯದಲ್ಲಿ ಬರೆದು ‘ವಿಶ್ಲೇಷಣೆ’ ಎಂಬ ತಲೆಬರಹ. ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಹೋದ ವರ್ಷದ ವರದಿಯ ಊರು, ಬ್ರ್ಯಾಂಡು ಬದಲಿಸಿ ಸ್ಪೈರಲ್ ಬೈಂಡಿಂಗ್ ಸಮೇತ ಕೊಡುತ್ತಾರೆ.

ಇದರಲ್ಲಿ ಏನು ತಪ್ಪು ಎಂಬುದನ್ನು ಪರೀಕ್ಷಕರೂ ಸ್ಪಷ್ಟವಾಗಿ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಹೇಳುತ್ತೇವೆ. ಯಾದೃಚ್ಛಿಕವಾಗಿ ಆರಿಸಿದ ನೂರು ಜನರ ಮಾದರಿಯಲ್ಲಿ, ಶೇ 95ರ ವಿಶ್ವಾಸ ಮಟ್ಟದಲ್ಲಿ, ಉತ್ತರ ಸುಮಾರು ಶೇ 10ರಷ್ಟು ಆಚೀಚೆ ಆಗಬಹುದು. ಅದನ್ನು ಶೇ 5ಕ್ಕೆ ಇಳಿಸಲು 385 ಜನ ಬೇಕು. ಆದರೆ ಸ್ನೇಹಿತರಿಗೆ ಕಳಿಸಿದ ಫಾರ್ಮು ಯಾದೃಚ್ಛಿಕವೇ ಅಲ್ಲ. ಅಲ್ಲಿ ನೂರು ಇರಲಿ, ಸಾವಿರ ಇರಲಿ, ಊರಿನ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ. ‘ಈ ಬ್ರ್ಯಾಂಡಿನ ಬೆಲೆ ಮತ್ತು ಗುಣಮಟ್ಟ ನಿಮಗೆ ತೃಪ್ತಿ ತಂದಿದೆಯೇ?’ ಎಂಬುದು ಒಂದರಲ್ಲಿ ಎರಡು ಪ್ರಶ್ನೆ. ಬೆಲೆ ಹೆಚ್ಚು, ಗುಣಮಟ್ಟ ಚೆನ್ನ ಎನ್ನುವವರು ಯಾವುದಕ್ಕೆ ಗುರುತು ಹಾಕಬೇಕು? ಎರಡು ಸಂಗತಿಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ ಮಾಡಿರುತ್ತಾರೆ, ಆದರೆ ಕೋಷ್ಟಕದ ಅರ್ಧ ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ. ಆಗ ಆ ಪರೀಕ್ಷೆಯ ಉತ್ತರವನ್ನು ನಂಬುವಂತಿಲ್ಲ. ಐದರ ಮಾಪಕದಲ್ಲಿ ಸರಾಸರಿ 3.8 ಬಂತು, ಆದ್ದರಿಂದ ಗ್ರಾಹಕರು ತೃಪ್ತರು ಎಂಬ ವಾಕ್ಯವಂತೂ ಎಲ್ಲ ವರದಿಗಳಲ್ಲೂ ಸಿಗುತ್ತದೆ. ಪಕ್ಕದ ಬ್ರ್ಯಾಂಡಿಗೆ 4.2 ಬಂದಿದ್ದರೆ?

ಬದಲಿಗೆ ಒಂದು ಪೈಸೆ ಖರ್ಚಿಲ್ಲದ, ಕದಿಯಲು ಕಷ್ಟವಾದ ಪ್ರಾಜೆಕ್ಟ್ ಸೂಚಿಸುತ್ತೇವೆ. ಇಬ್ಬರು ವಿದ್ಯಾರ್ಥಿಗಳಿಗೆ ಒಂದು ವಾರ್ಡು, ಒಂದು ಬಗೆಯ ಸರಕು. ಟೂತ್‌ಪೇಸ್ಟಿನ 10, 20 ರೂಪಾಯಿ ಪ್ಯಾಕು ಅಂದುಕೊಳ್ಳಿ. ಮೊದಲು ವಾರ್ಡಿನ ಎಲ್ಲ ಕಿರಾಣಿ ಅಂಗಡಿಗಳನ್ನು ಬೀದಿ ಪ್ರಕಾರ ಪಟ್ಟಿ ಮಾಡಬೇಕು. ಇದಕ್ಕೇ ಎರಡು ದಿನ ಹಿಡಿಯುತ್ತದೆ, ಆದರೆ ಪಟ್ಟಿಯಿಲ್ಲದೆ ಮಾದರಿ ಇಲ್ಲ. ಪಟ್ಟಿಯಲ್ಲಿ 150 ಇದ್ದರೆ ಪ್ರತಿ ಐದನೆಯ ಅಂಗಡಿ, ಒಟ್ಟು 30. ನಾಲ್ಕು ವಾರ, ವಾರಕ್ಕೊಮ್ಮೆ, ಅದೇ 30 ಅಂಗಡಿಗೆ ಭೇಟಿ. ಬರೆದುಕೊಳ್ಳಬೇಕಾದ್ದು ಇಷ್ಟು: ಯಾವ ಯಾವ ಬ್ರ್ಯಾಂಡ್ ಇದೆ, ಮುಂದೆ ಎಷ್ಟು ಪ್ಯಾಕ್ ಕಾಣುವಂತೆ ಜೋಡಿಸಿದ್ದಾರೆ, ಎಂಆರ್‌ಪಿ ಎಷ್ಟು, ಮಾರುವುದು ಎಷ್ಟಕ್ಕೆ, ತಯಾರಾದ ತಿಂಗಳು ಯಾವುದು, ಮಾಲು ತರುವವರು ವಾರಕ್ಕೆ ಎಷ್ಟು ಸಲ ಬರುತ್ತಾರೆ. ನಾಲ್ಕು ವಾರದ ಕೊನೆಗೆ ಯಾವ ಬ್ರ್ಯಾಂಡ್ ಎಷ್ಟು ಸಲ ‘ಸ್ಟಾಕ್ ಇಲ್ಲ’ ಆಯಿತು ಎಂಬುದು ಕೈಗೆ ಸಿಗುತ್ತದೆ. ತಯಾರಾದ ತಿಂಗಳು ನಾಲ್ಕು ವಾರವೂ ಅದೇ ಇದ್ದರೆ ಮಾಲು ಓಡುತ್ತಿಲ್ಲ ಎಂದು ಅಂಗಡಿಯವರನ್ನು ಕೇಳದೆಯೇ ತಿಳಿಯುತ್ತದೆ.

ಎಲ್ಲಿ ಕೆಡುತ್ತದೆ? ಬೆಳಗಿನ ಹಾಲಿನ ಹೊತ್ತು, ಸಂಜೆ ಆರರಿಂದ ಎಂಟು ಗಂಟೆ, ಈ ಎರಡು ವೇಳೆಯಲ್ಲಿ ಹೋದರೆ ಯಾರೂ ಮಾತಾಡುವುದಿಲ್ಲ. ಹನ್ನೊಂದರಿಂದ ಒಂದು, ಮೂರರಿಂದ ಐದು ಒಳ್ಳೆಯ ಹೊತ್ತು. ಅಂಗಡಿಗೆ ಹತ್ತು ಹದಿನೈದು ನಿಮಿಷ ಸಾಕು. ಅಚ್ಚಾದ ಫಾರಂ ಹಿಡಿದು ನಿಂತರೆ ತೆರಿಗೆಯವರೋ ಫುಡ್ ಇನ್‌ಸ್ಪೆಕ್ಟರೋ ಎಂಬ ಅನುಮಾನ ಬರುತ್ತದೆ. ಕಾಲೇಜಿನ ಪತ್ರ ಕನ್ನಡದಲ್ಲಿರಲಿ, ಒಂದು ಪುಟ ಮೀರದಿರಲಿ. ವ್ಯಾಪಾರ ಎಷ್ಟು ಎಂದು ಕೇಳಲೇಬಾರದು, ಸುಳ್ಳು ಉತ್ತರ ಖಚಿತ. ಪ್ಯಾಕೆಟ್ ಎಣಿಸಿದರೆ ಸಾಕು. ಸುಳ್ಳು ಅಂಕಿ ಬರೆದು ತಂದವರನ್ನು ಹಿಡಿಯುವುದೂ ಕಷ್ಟವಲ್ಲ: ಕೈಬರಹದ ಮೂಲ ಹಾಳೆ ಕೇಳಿ. ಕೂತಲ್ಲೇ ಬರೆದವರ ಹಾಳೆಯಲ್ಲಿ ಎಲ್ಲ ಅಂಗಡಿಯಲ್ಲೂ ಎಲ್ಲ ವಾರವೂ ಎಲ್ಲ ಬ್ರ್ಯಾಂಡೂ ಇರುತ್ತದೆ, ಎಣಿಕೆಗಳೆಲ್ಲ 5, 10, 15ರಲ್ಲಿ ಮುಗಿಯುತ್ತವೆ. ನಿಜವಾದ ಹಾಳೆಯಲ್ಲಿ ‘ಬಾಗಿಲು ಹಾಕಿತ್ತು’ ಎಂಬ ಸಾಲು ಇದ್ದೇ ಇರುತ್ತದೆ. ವೈವಾ ತಲಾ ಏಳು ನಿಮಿಷ ಸಾಕು. ‘ಮೂರನೇ ವಾರ ಹದಿನೇಳನೇ ಅಂಗಡಿಯಲ್ಲಿ ಏನಾಯಿತು?’ ಎಂದು ಕೇಳಿದರೆ ಡಿಟಿಪಿ ಅಂಗಡಿ ಸಹಾಯಕ್ಕೆ ಬರುವುದಿಲ್ಲ.

ಡಿಜಿಟಲ್ ಮಾರ್ಕೆಟಿಂಗ್ ಘಟಕಕ್ಕೆ ಬರೋಣ. ಹೆಸರಿಗೆ ಹೊಸದು, ಪ್ರಶ್ನೆ ಹಳೆಯದು: ‘ಸಾಂಪ್ರದಾಯಿಕ ಮತ್ತು ಡಿಜಿಟಲ್ ಮಾರ್ಕೆಟಿಂಗ್ ನಡುವಿನ ವ್ಯತ್ಯಾಸ ತಿಳಿಸಿ.’ ಜಾಲತಾಣಕ್ಕೆ ಬರುವವರ ಲೆಕ್ಕ ಇಡುವ ಗೂಗಲ್‌ನ ಹಳೆಯ ಸಾಧನ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ದತ್ತಾಂಶ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು, ಅದರ ಜಾಗಕ್ಕೆ ಜಿಎ4 ಬಂತು. ಗೂಗಲ್ ಪ್ಲಸ್ ಎಂಬ ಸಾಮಾಜಿಕ ಜಾಲತಾಣ 2019ರಲ್ಲೇ ಮುಚ್ಚಿತು. ಇವೆರಡನ್ನೂ ಇಂದಿನ ಸಾಧನಗಳೆಂದು ಓದಿಸುವ ಗೈಡುಗಳು ಇನ್ನೂ ಮಾರಾಟವಾಗುತ್ತಿವೆ. ಇದಕ್ಕೆ ಮದ್ದು ಸಾಧನದ ಹೆಸರು ಬದಲಿಸುತ್ತಾ ಹೋಗುವುದಲ್ಲ, ಇನ್ನೆರಡು ವರ್ಷಕ್ಕೆ ಅದೂ ಹಳತಾಗುತ್ತದೆ. ಲೆಕ್ಕ ಹಳತಾಗುವುದಿಲ್ಲ.

ಹುಬ್ಬಳ್ಳಿಯ ಒಂದು ಸೀರೆ ಅಂಗಡಿ ಇನ್‌ಸ್ಟಾಗ್ರಾಂ ಜಾಹೀರಾತಿಗೆ 10,000 ರೂ. ಹಾಕಿತು ಎಂದುಕೊಳ್ಳಿ. ಸಾವಿರ ಸಲ ತೋರಿಸಲು 100 ರೂ. ದರದಂತೆ ಜಾಹೀರಾತು ಒಂದು ಲಕ್ಷ ಸಲ ಕಂಡಿತು. ನೂರಕ್ಕೆ ಒಂದು ಕ್ಲಿಕ್, ಅಂದರೆ ಸಾವಿರ ಕ್ಲಿಕ್. ಅದರಲ್ಲಿ ಶೇ 2, ಅಂದರೆ 20 ಆರ್ಡರ್. ಒಂದು ಆರ್ಡರಿಗೆ ಸರಾಸರಿ 1,800 ರೂ., ಒಟ್ಟು 36,000. ಜಾಹೀರಾತಿನ ಪರದೆಯಲ್ಲಿ ಖರ್ಚಿನ 3.6 ಪಟ್ಟು ಮಾರಾಟ ಎಂದು ಹಸಿರು ಬಣ್ಣದಲ್ಲಿ ಕಾಣುತ್ತದೆ, ಮಾಲೀಕರಿಗೆ ಖುಷಿ. ಸೀರೆಯ ಮೇಲಿನ ಉಳಿಕೆ ಶೇ 30, ಅಂದರೆ ಆರ್ಡರಿಗೆ 540, ಇಪ್ಪತ್ತಕ್ಕೆ 10,800. ಜಾಹೀರಾತು ಕಳೆದರೆ 800 ಉಳಿಯಿತು. ಕ್ಯಾಷ್ ಆನ್ ಡೆಲಿವರಿಯಲ್ಲಿ ಮೂರು ಸೀರೆ ವಾಪಸ್ ಬಂದವು. ಆ ಮೂರರ ಉಳಿಕೆ 1,620 ಹೋಯಿತು, ಹೋಗಿಬರುವ ಕೊರಿಯರ್ ತಲಾ 150ರಂತೆ 450 ಹೋಯಿತು. ಕೈಯಿಂದ 1,270 ನಷ್ಟ. ಪರದೆಯ ಮೇಲೆ ಈಗಲೂ 3.6 ಇದೆ. ಜೊತೆಗೆ ಇನ್ನೊಂದು ತೊಡಕು: ಇನ್‌ಸ್ಟಾಗ್ರಾಂನ ಒಡೆತನದ ಕಂಪನಿ ಮೆಟಾ ತನ್ನ ಸಾಮಾನ್ಯ ಹೊಂದಿಕೆಯಲ್ಲಿ, ಕ್ಲಿಕ್ ಮಾಡಿದ ಏಳು ದಿನದೊಳಗೆ ಅಥವಾ ಬರೀ ನೋಡಿದ ಒಂದು ದಿನದೊಳಗೆ ಆದ ಖರೀದಿಯನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತದೆ. ಅದೇ ಗ್ರಾಹಕಿ ಗೂಗಲ್‌ನಲ್ಲಿ ಹುಡುಕಿ ಬಂದಿದ್ದರೆ ಗೂಗಲ್ಲೂ ಬರೆದುಕೊಳ್ಳುತ್ತದೆ. ಎರಡೂ ವರದಿಗಳ ಆರ್ಡರ್ ಕೂಡಿಸಿದರೆ ಅಂಗಡಿಯ ಬಿಲ್ ಪುಸ್ತಕಕ್ಕಿಂತ ಜಾಸ್ತಿ ಬರುತ್ತದೆ. ಬಿಲ್ ಪುಸ್ತಕವನ್ನೇ ನಂಬಬೇಕು ಎಂಬುದು ಕ್ಲಾಸಿನಲ್ಲಿ ಒಂದು ಗಂಟೆಯಲ್ಲಿ ಕಲಿಸಬಹುದಾದ ವಿಷಯ.

ಎಸ್‌ಎಂಎಸ್ ಹಳೆಯ ಮಾಧ್ಯಮ ಎಂದು ಪಠ್ಯದಲ್ಲಿ ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ಬ್ಯಾಂಕು, ಆಸ್ಪತ್ರೆ, ಚಿಟ್ ಫಂಡು, ಬಟ್ಟೆ ಅಂಗಡಿ ಎಲ್ಲವೂ ಇಂದಿಗೂ ಬಳಸುತ್ತವೆ, ಮತ್ತು ಹೊಸಬರು ಅತಿ ಹೆಚ್ಚು ತಪ್ಪು ಮಾಡುವುದೂ ಇಲ್ಲೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಂತೆ ಸಂಸ್ಥೆಯನ್ನೂ, ಕಳಿಸುವವರ ಹೆಡರನ್ನೂ (ಸಂದೇಶದ ಮೇಲೆ ಕಾಣುವ ಹೆಸರು), ಸಂದೇಶದ ಟೆಂಪ್ಲೇಟನ್ನೂ (ಮಾದರಿ ಪಠ್ಯ) ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಒಪ್ಪಿಗೆ ಪಡೆದ ಟೆಂಪ್ಲೇಟಿಗೂ ಕಳಿಸಿದ ಸಂದೇಶಕ್ಕೂ ಒಂದು ಪದ ಹೊಂದದಿದ್ದರೂ ಸಂದೇಶ ಹೋಗುವುದಿಲ್ಲ. ಹಬ್ಬದ ಹಿಂದಿನ ಸಂಜೆ ‘ದೀಪಾವಳಿ’ಯನ್ನು ‘ದೀಪಾವಳಿಯ’ ಎಂದು ತಿದ್ದಿ ಇಡೀ ಪಟ್ಟಿ ನಿಂತುಹೋಗುವುದು ಹೀಗೆ. ಇನ್ನು ಕನ್ನಡದಲ್ಲಿ ಬರೆದರೆ ಅಳತೆಯೇ ಬೇರೆ. ರೋಮನ್ ಅಕ್ಷರದ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಲಿಪಿಗೆ ಬಳಸುವ ಯೂನಿಕೋಡ್‌ನಲ್ಲಿ 70 ಮಾತ್ರ. ಸಂದೇಶ ಉದ್ದವಾಗಿ ತುಂಡಾದರೆ ತುಂಡಿಗೆ 67. ಅದರಲ್ಲೂ ಒತ್ತು, ಗುಣಿತ, ಅರ್ಧಾಕ್ಷರದ ಗುರುತು ಪ್ರತಿಯೊಂದಕ್ಕೂ ಬೇರೆ ಎಣಿಕೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಲೆಕ್ಕದಲ್ಲಿ ಆರು. ಒಂದು ಸಂದೇಶವೆಂದು ಬಜೆಟ್ ಹಾಕಿದ್ದು ಮೂರರ ಬಿಲ್ಲಾಗಿ ಬರುತ್ತದೆ. ‘70 ಎಣಿಕೆಯೊಳಗೆ, ದಿನಾಂಕ, ಸ್ಥಳ, ರಿಯಾಯಿತಿ ಮೂರೂ ಬರುವಂತೆ ಕನ್ನಡ ಸಂದೇಶ ಬರೆಯಿರಿ’ ಎಂಬುದು ಎಂಥ ಚೆಂದದ ಐದು ಅಂಕದ ಪ್ರಶ್ನೆ! ನಮ್ಮ ಪದವೀಧರರಲ್ಲಿ ಹೆಚ್ಚಿನವರು ಮಾರುವುದು ಕನ್ನಡದಲ್ಲಿ, ತುಳುವಿನಲ್ಲಿ, ದಖ್ಖನಿಯಲ್ಲಿ. ಮೂರು ವರ್ಷದಲ್ಲಿ ಅವರು ಒಂದೇ ಒಂದು ಕನ್ನಡ ಜಾಹೀರಾತು ಬರೆದಿರುವುದಿಲ್ಲ.

ಕಾನೂನಿನ ವಿಷಯ ಬೇಗ ಮುಗಿಸುತ್ತೇವೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು, 1986ರದ್ದನ್ನೇ ಬರೆಸುವುದನ್ನು ನಿಲ್ಲಿಸಿ. ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿ 2022ರಲ್ಲಿ ಬಂತು. 2023ರ ನವೆಂಬರ್‌ನಲ್ಲಿ ಹದಿಮೂರು ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು (ಆನ್‌ಲೈನ್‌ನಲ್ಲಿ ಗ್ರಾಹಕರನ್ನು ಯಾಮಾರಿಸುವ ತಂತ್ರಗಳನ್ನು) ಹೆಸರಿಸಿ ನಿಷೇಧಿಸಲಾಯಿತು. ಕೇಳದೆ ಕಾರ್ಟಿಗೆ ವಸ್ತು ಸೇರಿಸುವುದು, ‘ಇನ್ನು ಎರಡೇ ಉಳಿದಿದೆ’ ಎಂಬ ಸುಳ್ಳು ಆತುರ, ಕೊನೆಯ ಪುಟದಲ್ಲಿ ಶುಲ್ಕ ಏರಿಸುವುದು, ಎಲ್ಲಕ್ಕೂ ಉದಾಹರಣೆ ವಿದ್ಯಾರ್ಥಿಯ ಮೊಬೈಲಿನಲ್ಲೇ ಸಿಗುತ್ತದೆ. ಪೊಟ್ಟಣದ ನಿಯಮ ಕಲಿಸಲು ಪ್ರತಿಯೊಬ್ಬರೂ ಮನೆಯಿಂದ ಒಂದು ಖಾಲಿ ಪ್ಯಾಕೆಟ್ ತರಲಿ: ನಿವ್ವಳ ತೂಕ, ಎಂಆರ್‌ಪಿ, ಯೂನಿಟ್ ದರ, ತಯಾರಾದ ತಿಂಗಳು, ದೂರು ಕೊಡುವ ವಿಳಾಸ, ಆಹಾರವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ. ಊರಿನ ಸಣ್ಣ ತಯಾರಕರ ಪ್ಯಾಕೆಟ್ ತಂದವರಿಗೆ ಏನು ಇಲ್ಲ ಎಂಬುದು ಬೇಗ ಕಾಣುತ್ತದೆ.

ಪ್ರಕರಣ ಅಧ್ಯಯನಕ್ಕೆ ಅಮೆರಿಕದ ಕಂಪನಿಗಳನ್ನೇ ನೆಚ್ಚಬೇಕಿಲ್ಲ. ನಂದಿನಿ ನೀಲಿ ಪ್ಯಾಕೆಟ್ ತೆಗೆದುಕೊಳ್ಳಿ. 2024ರ ಜೂನ್‌ನಲ್ಲಿ 42 ರೂ.ನ ಒಂದು ಲೀಟರ್ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ 44 ರೂ. ಮಾಡಲಾಯಿತು. ಲೀಟರ್ ಲೆಕ್ಕದಲ್ಲಿ ಅದು 41.90, ಅಂದರೆ ಹತ್ತು ಪೈಸೆ ಕಡಿಮೆ. ಆದರೆ ದಿನಕ್ಕೊಂದು ಪ್ಯಾಕೆಟ್ ತರುವ ಮನೆಯ ತಿಂಗಳ ಖರ್ಚು 60 ರೂ. ಏರಿತು, ಐವತ್ತು ಮಿಲಿ ಬೇಕಾಗಿತ್ತೇ ಎಂದು ಯಾರೂ ಕೇಳಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ವಾಪಸ್ ಪಡೆದು ಲೀಟರಿಗೆ 46 ರೂ. ಮಾಡಲಾಯಿತು. ಪ್ಯಾಕೆಟ್ ಲೆಕ್ಕದಲ್ಲಿ 2 ರೂ. ಏರಿಕೆ, ಸುದ್ದಿಯಲ್ಲಿ 4 ರೂ., ಲೀಟರ್ ಲೆಕ್ಕದಲ್ಲಿ ಶೇ 9.8. ಮೂರೂ ಸರಿ. ಗ್ರಾಹಕಿ ನೋಡುವುದು ಯಾವುದನ್ನು, ರೈತನಿಗೆ ಮುಟ್ಟುವುದು ಯಾವುದು, ಹೋಟೆಲಿನವರು ಲೆಕ್ಕ ಹಾಕುವುದು ಯಾವುದು ಎಂದು ಕೇಳಿ. ಬೆಲೆಯ ಮನೋವಿಜ್ಞಾನದ ಇಡೀ ಅಧ್ಯಾಯ ಇದರೊಳಗಿದೆ.

ಮೈಸೂರು ಸ್ಯಾಂಡಲ್ ಸೋಪಿನ ಕಥೆಯೂ ಹಾಗೆ. 1916ರಲ್ಲಿ ಶುರುವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಪರಂಪರೆಯ ಕೆಎಸ್‌ಡಿಎಲ್ (ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ), 2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಅವರನ್ನು 6.2 ಕೋಟಿ ರೂ.ಗೆ ಎರಡು ವರ್ಷದ ರಾಯಭಾರಿಯಾಗಿ ನೇಮಿಸಿದಾಗ ಕನ್ನಡದ ನಟಿಯರು ಇರಲಿಲ್ಲವೇ ಎಂಬ ದೊಡ್ಡ ಚರ್ಚೆ ನಡೆಯಿತು. ರಾಜ್ಯದ ಹೊರಗಿನ ಮಾರುಕಟ್ಟೆಗಾಗಿ ಈ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲರು ಉತ್ತರಿಸಿದರು. ವಿದ್ಯಾರ್ಥಿ ಯಾವ ಪಕ್ಷ ಹಿಡಿದರೂ ಆದೀತು, ಮೊದಲು ಲೆಕ್ಕ ಹಾಕಲಿ: ಸೋಪಿಗೆ 10 ರೂ. ಉಳಿಯುತ್ತದೆ ಎಂದಿಟ್ಟುಕೊಂಡರೆ ಆ ಶುಲ್ಕ ಹುಟ್ಟಲು 62 ಲಕ್ಷ ಸೋಪು ಹೆಚ್ಚುವರಿಯಾಗಿ ಮಾರಾಟವಾಗಬೇಕು. ಟಿವಿ, ಮೊಬೈಲ್ ಜಾಹೀರಾತಿನ ಖರ್ಚು ಇದರ ಮೇಲೆ. ಆ ಮಾರಾಟ ಯಾವ ರಾಜ್ಯದಿಂದ ಬರಬಹುದು, ಅಲ್ಲಿ ಸೋಪು ಅಂಗಡಿಯಲ್ಲಿ ಸಿಗುತ್ತದೆಯೇ? ಸಿಗದ ಊರಿನಲ್ಲಿ ಜಾಹೀರಾತು ಹಾಕಿದರೆ ಗ್ರಾಹಕ ಪಕ್ಕದ ಬ್ರ್ಯಾಂಡ್ ಕೊಂಡು ಮನೆಗೆ ಹೋಗುತ್ತಾನೆ.

ಆಕ್ಷೇಪಗಳು ನಮಗೆ ಗೊತ್ತಿಲ್ಲದ್ದೇನಲ್ಲ. ಮೌಲ್ಯಮಾಪನ ಕಷ್ಟವಾಗುತ್ತದೆ ಎನ್ನುತ್ತಾರೆ. ವಾಸ್ತವದಲ್ಲಿ ಸುಲಭವಾಗುತ್ತದೆ. ಆರು ಪುಟದ ವಿವರಣೆಗೆ ಒಬ್ಬರು ಏಳು ಕೊಡುತ್ತಾರೆ, ಇನ್ನೊಬ್ಬರು ಹತ್ತು. 39.39 ಬಂದಿದೆಯೋ ಇಲ್ಲವೋ ಎಂಬುದರಲ್ಲಿ ಜಗಳವಿಲ್ಲ. ಕಾಸ್ಟಿಂಗ್ ಪತ್ರಿಕೆಯಲ್ಲಿ ಹಂತಕ್ಕೆ ಅಂಕ ಕೊಡುವ ಪದ್ಧತಿ ಆಗಲೇ ಇದೆ. ಮಕ್ಕಳು ಹೆದರುತ್ತಾರೆ ಎನ್ನುತ್ತಾರೆ. ಅದೇ ಮಕ್ಕಳು ಅದೇ ಸೆಮಿಸ್ಟರ್‌ನಲ್ಲಿ ಇದಕ್ಕಿಂತ ಕಷ್ಟದ ಅಕೌಂಟ್ಸ್ ಲೆಕ್ಕ ಮಾಡುತ್ತಾರೆ. ನಿಜವಾದ ತೊಂದರೆ ಬೋಧಕರದ್ದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ, ಹೊಸ ಮಾದರಿಗೆ ತಯಾರಾಗಲು ಅವರಿಗೆ ಸಮಯವನ್ನೂ ಯಾರೂ ಕೊಡುವುದಿಲ್ಲ, ಸಾಮಗ್ರಿಯನ್ನೂ ಕೊಡುವುದಿಲ್ಲ. ಅವರನ್ನು ದೂರುವ ಬದಲು ಬಿಡಿಸಿದ ಐವತ್ತು ಲೆಕ್ಕಗಳ ಒಂದು ಕೈಪಿಡಿಯನ್ನು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ, ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಹಾಕಿ.

ಮಾಡುವುದಾದರೆ ಕ್ರಮ ಹೀಗಿರಲಿ. ಮಾದರಿ ಪ್ರಶ್ನೆಪತ್ರಿಕೆಯೂ ಉತ್ತರ ಸೂಚಿಯೂ ಸೆಮಿಸ್ಟರಿನ ಮೊದಲ ವಾರದೊಳಗೆ ಕಾಲೇಜಿಗೆ ತಲುಪಬೇಕು, ಪರೀಕ್ಷೆಯ ತಿಂಗಳಲ್ಲಿ ಅಲ್ಲ. ಮೊದಲ ವರ್ಷ 80ರಲ್ಲಿ 16 ಅಂಕಕ್ಕೆ ಮಾತ್ರ ಲೆಕ್ಕದ ಪ್ರಶ್ನೆ ಇಡಿ, ಎರಡನೇ ವರ್ಷ 32ಕ್ಕೆ ಏರಿಸಿ. ಈ ಪ್ರಶ್ನೆಗಳಿಗೆ ‘ಅಥವಾ’ ಎಂಬ ಆಯ್ಕೆಯಲ್ಲಿ ಥಿಯರಿ ಪ್ರಶ್ನೆ ಕೊಡಬೇಡಿ. ಕೊಟ್ಟರೆ ಎಲ್ಲರೂ ಅದನ್ನೇ ಬರೆಯುತ್ತಾರೆ, ಇಡೀ ಬದಲಾವಣೆ ಮೊದಲ ಪರೀಕ್ಷೆಯಲ್ಲೇ ಮಣ್ಣುಪಾಲು. ಆಂತರಿಕ ಅಂಕಗಳಲ್ಲಿ ಅರ್ಧವನ್ನಾದರೂ ನಕಲು ಅಸೈನ್‌ಮೆಂಟಿನಿಂದ ತೆಗೆದು ಅಂಗಡಿ ಸಮೀಕ್ಷೆಯ ಕೈಬರಹದ ಹಾಳೆಗೆ ಕೊಡಿ. ಮಾರ್ಕೆಟಿಂಗ್ ಪರೀಕ್ಷೆಗೆ ಸಾದಾ ಕ್ಯಾಲ್ಕುಲೇಟರ್ ತರಬಹುದು ಎಂಬ ಒಂದು ಸಾಲನ್ನು ಹಾಲ್ ಟಿಕೆಟ್ಟಿನ ಸೂಚನೆಗಳಲ್ಲಿ ಮರೆಯದೆ ಸೇರಿಸಿ, ಇಲ್ಲದಿದ್ದರೆ ಕೊಠಡಿ ಮೇಲ್ವಿಚಾರಕರು ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ.

ಇಂತಿ,
ಮಾರ್ಕೆಟಿಂಗ್ ಬೋಧಿಸುವವರು ಮತ್ತು ಮಾರಾಟ ವೃತ್ತಿಯಲ್ಲಿರುವವರು